ಬಣ್ಣ ಹತ್ತದ ಸೀರೆ

ಸುಂದ್ರವ್ವ ಗಂಟು ಬಿಚ್ಚುವ ಮೊದಲೇ ಅದರ ಬಾಯಿಂದ ಇಣುಕಿದ ಬಿಳುಪು ಕಸ್ತೂರೆವ್ವನ ಕಣ್ಣಿಗೆ ಬಿದ್ದಿತ್ತು. ಎಸಳು ಬಿಡಿಸುತ್ತಿದ್ದ ಚೆಂಡುಹೂವು ಬೆರಳಿನಲ್ಲೇ ಉಳಿಯಿತು. ಬಿಳುಪು ಲೋಕದಲ್ಲಿ ಎಷ್ಟೋ ಬಗೆಯದು ಇರುತ್ತದೆ, ಸುಣ್ಣದ್ದು, ಹಾಲಿನದು, ಕಬ್ಬಿನ ಹೂವಿನದು. ಆದರೆ ಇದು ಅಂಥ ಯಾವುದೂ ಅಲ್ಲ, ಹತ್ತೊಂಬತ್ತು ವರ್ಷದ ಹಿಂದೆ ನಿಪ್ಪಾಣಿಯ ಪೇಟೆಯಲ್ಲಿ ನೀನೇ ನಾಲ್ಕು ಅಂಗಡಿ ತಿರುಗಿ, ಬಿಸಿಲಿಗೆ ಹಿಡಿದು ನೋಡಿ, ಇದೇ ಸರಿ ಎಂದು ಆರಿಸಿದ ಬೆಣ್ಣೆಬಣ್ಣ, ಎಂದು ಕಣ್ಣು ಹೇಳಿತು. ಮನಸ್ಸು ಇನ್ನೂ ಅಲ್ಲ, ಅಲ್ಲ ಎನ್ನುತ್ತಿತ್ತು. ಅಷ್ಟರಲ್ಲಿ ಗಂಟು ಬಿಚ್ಚಿ ಹಸಿರು ಅಂಚೂ ಹೊರಗೆ ಬಂತು. ಮನಸ್ಸು ಬಾಯಿ ಮುಚ್ಚಿತು.

“ವೈನ್ಯಾರ, ನಿಮ್ಮ ಹಂತ್ಯಾಕ ಒಂದ ಕೆಲಸ ಐತ್ರಿ,” ಎಂದಳು ಸುಂದ್ರವ್ವ. ಒಲೆಯ ಈಚೆ ಕೂತು, ಸೀರೆಯನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. “ನಮ್ಮ ಸಪನಾ ಹಡದ್ಲಲ್ರಿ ಮೊನ್ನೆ, ಹೆಣ್ಣ. ತೊಟ್ಟಿಲಕ್ಕ ಕೌದಿ ಹೊಲೀಬೇಕು. ನಿಮ್ಮತ್ತಿ ಆಯಿ ಕೊಟ್ಟ ರೇಷ್ಮಿ ಸೀರಿ ತಂದೇನಿ. ಎಲ್ಡ ಸಲ ಉಟ್ಟಿದ್ದೆ, ಅಷ್ಟ. ಹಸಗೂಸಿಗೆ ಬಿಳೇದು ಬ್ಯಾಡ, ಮಂಜಿಷ್ಠದ ಕೆಂಪ ಹಾಕಿ ಕೊಡ್ರಿ. ಪೂನಮಕ್ಕಾರ ಅಂದಿದ್ರಲ್ಲ, ರೇಷ್ಮಿ ಬಣ್ಣಾನ ನೀರ ಕುಡದಂಗ ಕುಡೀತೈತಿ ಅಂತ.”

“ಹೆಣ್ಣೇನ?” ಎಂದಳು ಕಸ್ತೂರೆವ್ವ.

“ಹೆಣ್ಣ್ರಿ. ಆಯಿ ಹೆಸರ ಇಡೂದು, ಲಕ್ಷ್ಮಿ ಅಂತ. ಆಕಿ ಅತ್ತಿಮನ್ಯಾರು ಬ್ಯಾರೆ ಹೆಸರ ತಗದಾರ. ನಾ ಬಿಟ್ಟಿಲ್ಲ. ನನ್ನ ಮಗಳಿಗೆ ತನ್ನ ಗಂಗಾಳದಾಗಿನ ಬೆಲ್ಲಾ ಕೊಟ್ಟಾಕಿ ಆಯಿ, ಆಕಿ ಹೆಸರ ಬಿಟ್ಟ ಬ್ಯಾರೇದ ಯಾಕ ಅಂದೆ. ಬರೂ ಐತವಾರ ಬಾರಸಾ, ಹೆಸರಿಡೂದು.”

ಹೊಲಿಗೆ ಮಷೀನಿನ ಮುಂದೆ ಕೂತಿದ್ದ ರೂಪಾಲಿ ಚಕ್ರ ನಿಲ್ಲಿಸಿದಳು. ಅವಳ ನಾಲಗೆಗೆ ಇಡೀ ಗೋದಾಮು ಹೆದರುತ್ತಿತ್ತು. “ಏ ಮೌಶಿ, ನಿನ್ನ ಹಂತ್ಯಾಕ ರೇಷ್ಮಿ ಸೀರಿ! ನಮ್ಮ ಮುಂದ ಹರಕ ಉಟಗೊಂಡ ಕುಂಡ್ರತಿ, ಒಳಗ ಸಾವಕಾರ್ತಿ ಅದಿಯಲ್ಲ.”

“ಹೇಳಿದ್ರ ನೀ ಕಡಾ ಒಯ್ದು ಗಂಡನ ಮುಂದ ಕುಣೀತಿದ್ದಿ,” ಎಂದಳು ಸುಂದ್ರವ್ವ. ಹೆಂಗಸರೆಲ್ಲ ನಕ್ಕರು. ಕಸ್ತೂರೆವ್ವನೂ ನಕ್ಕಳು; ನಕ್ಕ ಮೇಲೆ ತುಟಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ತೆರೆದುಕೊಂಡಿತ್ತು.

ಅದು ಸದಲಗಾದ ಹಳೆಯ ಹೊಗೆಸೊಪ್ಪಿನ ಗೋದಾಮು. ಸೊಪ್ಪಿನ ವ್ಯಾಪಾರ ನಿಂತು ಎಷ್ಟೋ ವರ್ಷವಾದರೂ ಗೋಡೆ ಇನ್ನೂ ಸೀನು ಬರಿಸುತ್ತಿತ್ತು. ಸೊಸೆ ಪೂನಮ ಅಲ್ಲಿ ಹೆಂಗಸರನ್ನು ಕೂಡಿಸಿ, ಇಚಲಕರಂಜಿಯ ಮಗ್ಗಗಳ ಚಿಂದಿ, ಮನೆಮನೆಯ ಹಳೆಯ ಅರಿವೆ ತರಿಸಿ, ಹೂವು, ಬೇರು, ದಾಳಿಂಬೆ ಸಿಪ್ಪೆಗಳ ಬಣ್ಣ ಕಟ್ಟಿಸಿ, ಚೀಲ, ಜಮಖಾನೆ, ಕೌದಿ ಮಾಡಿಸಿ ಊರೂರಿಗೆ ಕಳಿಸುತ್ತಿದ್ದಳು. ಬಣ್ಣದ ಒಲೆ ಕಸ್ತೂರೆವ್ವನದು. ಬಂದ ಅರಿವೆ ಯಾವುದೇ ಇರಲಿ, ಮೊದಲು ಒಂದು ಎಳೆ ಕಿತ್ತು ಸುಡಬೇಕು. ಅದು ಅಲ್ಲಿಯ ಶಾಸ್ತ್ರ. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟಂತೆ ನಾರುತ್ತದೆ. ಪಾಲಿಸ್ಟರ್ ಸುಡುವುದೇ ಇಲ್ಲ, ಕರಗಿ, ಮುದುಡಿ, ಸಾಸಿವೆಯಂಥ ಗಟ್ಟಿ ಗುಂಡಾಗಿ ಕೂರುತ್ತದೆ. ಅದನ್ನು ಮೂರು ದಿನ ಕುದಿಸಿದರೂ ಹೂವಿನ ಬಣ್ಣ ಹತ್ತುವುದಿಲ್ಲ. ಕಸ್ತೂರೆವ್ವ ಕಡ್ಡಿ ಗೀರಿ ಮೂಗಿನ ಹತ್ತಿರ ತಂದು ಹೇಳಿಬಿಟ್ಟರೆ ಆಯಿತು, ಮುಂದೆ ಚರ್ಚೆಯಿಲ್ಲ. ನಮ್ಮತ್ತಿ ಮೂಗು ಅಂದ್ರ ಮೂಗು, ಎಂದು ಪೂನಮ ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಗೆ ಹೇಳಿದಾಗೆಲ್ಲ ಕಸ್ತೂರೆವ್ವನಿಗೆ ಸಂತೆಯಲ್ಲಿ ಎಮ್ಮೆಯ ಹಲ್ಲು ತೋರಿಸಿದಂತೆ ಆಗುತ್ತಿತ್ತು. ಆದರೂ ಆ ಮಾತಿಗೆ ಅವಳು ಕಾಯುತ್ತಿದ್ದಳು. ಅರವತ್ತೊಂದು ವರ್ಷದಲ್ಲಿ ಅವಳನ್ನು ಜನ ಹೊಗಳಿದ್ದು ಅದೊಂದಕ್ಕೇ.

“ರೇಷ್ಮಿ ನಾ ಮುಟ್ಟಂಗಿಲ್ಲ ನೋಡ,” ಎಂದಳು. “ನಮ್ಮ ಜೈನರಿಗೆ ದೋಷ ಅದು. ಹುಳಾ ಕುದಿಸಿ ತಗದದ್ದು.”

ಪೂನಮ ಮೊಬೈಲಿನಿಂದ ತಲೆಯೆತ್ತಿದಳು. “ನೀವ ಮುಟ್ಟಬ್ಯಾಡ್ರಿ ಅತ್ತೀ. ರೂಪಾಲಿ ಸುಡ್ತಾಳ. ಬ್ಯಾರೆ ಪಾತೇಲಿ ಐತಲ್ಲ, ಅದರಾಗ ಎದ್ದಿದ್ರಾತು.”

ರೂಪಾಲಿ ಆಗಲೇ ಕಡ್ಡಿಪೆಟ್ಟಿಗೆಯ ಸದ್ದು ಮಾಡುತ್ತ ಬರುತ್ತಿದ್ದಳು. ಕಸ್ತೂರೆವ್ವನ ಕೈ ತಾನಾಗಿ ಚಾಚಿ ಸುಂದ್ರವ್ವನ ತೊಡೆಯ ಮೇಲಿನ ಸೀರೆಯನ್ನು ಎಳೆದುಕೊಂಡಿತು. “ಹಳೀ ಅರಬಿ, ಹಂಗ ಸುಡಾಕ ಬರೂದಿಲ್ಲ. ಗಂಜಿ ಇರತೈತಿ. ಮದಲ ಮನ್ಯಾಗ ಬಿಸಿನೀರಾಗ ತೊಳೀತೇನಿ. ನಾಳೆ ನೋಡೂಣಂತ.”

“ಈಗರ ಮುಟ್ಟಂಗಿಲ್ಲ ಅಂದ್ರಿ?” ಎಂದಳು ರೂಪಾಲಿ.

ಮತ್ತೆ ನಗು. ಈ ಸಲ ಸುಂದ್ರವ್ವ ಮಾತ್ರ ನಗಲಿಲ್ಲ. “ಆಯಿ ಸೀರಿ ಅಲ್ಲೇನ, ಸೊಸಿ ಮುಟ್ಟೂದಕ್ಕ ಎಂಥಾ ದೋಷ?” ಎಂದು ಕಸ್ತೂರೆವ್ವನ ಪರವಾಗಿ ನಿಂತಳು. ಆ ನೆರವು ಕಸ್ತೂರೆವ್ವನಿಗೆ ಕಾದ ಪಾತ್ರೆ ತಾಗಿದಂತೆ ತಾಗಿತು.

“ಹಂಗಾರ ನಾಳೆ ವಿಡಿಯೋ ಮಾಡೂಣು,” ಎಂದಳು ಪೂನಮ. “ಸುಂದ್ರವ್ವಾರ ಕಥಿ ಭಾಳ ಛಲೋ ಐತಿ.”

ಗೋದಾಮಿನಿಂದ ಮನೆಗೆ ನೂರು ಹೆಜ್ಜೆ. ಊಟದ ಹೊತ್ತಿನ ಬಿಸಿಲಲ್ಲಿ ಕಸ್ತೂರೆವ್ವ ಸೀರೆಯನ್ನು ಬಗಲಲ್ಲಿ ಒತ್ತಿಕೊಂಡು ನಡೆದಳು. ಅದು ತೂಕವೇ ಇರಲಿಲ್ಲ. ಹತ್ತೊಂಬತ್ತು ವರ್ಷ ಒಬ್ಬಳ ಟ್ರಂಕಿನಲ್ಲಿದ್ದೂ ಒಂದು ಸುಕ್ಕು ಬಿದ್ದಿರಲಿಲ್ಲ, ಬಣ್ಣ ಮಾಸಿರಲಿಲ್ಲ, ಅಂಗಡಿಯಿಂದ ನಿನ್ನೆ ತಂದಂತೆ ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ಆಯಿಗೆ ಕೊನೆಯ ಮೂರು ವರ್ಷ ಸೊಂಟ ಬಿದ್ದಿತ್ತು. ಬುದ್ಧವಿಹಾರದ ಓಣಿಯಿಂದ ಸುಂದ್ರವ್ವ ಎರಡು ಹೊತ್ತು ಬರುತ್ತಿದ್ದಳು, ಹೊರಳಿಸುತ್ತಿದ್ದಳು, ತೊಳೆಯುತ್ತಿದ್ದಳು, ಬೆನ್ನಿನ ಹುಣ್ಣಿಗೆ ಎಣ್ಣೆ ಹಚ್ಚುತ್ತಿದ್ದಳು. ಕಸ್ತೂರೆವ್ವ ಬಾಗಿಲ ತನಕ ಬಂದು, ಮೂಗಿಗೆ ಸೆರಗು ಹಿಡಿದು, ನೀರಿನ ತಂಬಿಗೆ ಇಟ್ಟು ಹೋಗುವವಳು. ಆಗಲೂ ಇದೇ ಮೂಗು. ಒಳಗೆ ಅವರಿಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಹೆಜ್ಜೆಯ ಸಪ್ಪಳ ಕೇಳಿದರೆ ನಗು ನಿಲ್ಲುತ್ತಿತ್ತು. ತನ್ನ ಬಗ್ಗೆಯೇ ನಗುತ್ತಿದ್ದರೋ, ಅಲ್ಲವೋ. ಅಲ್ಲದಿದ್ದರೆ ನಿಲ್ಲಿಸುವುದೇಕೆ? ಆಯಿ ಸೊಸೆಯ ಜೊತೆ ಒಂದು ದಿನವೂ ಹಾಗೆ ನಕ್ಕವಳಲ್ಲ. ಮದುವೆಯಾಗಿ ಬಂದ ವಾರದಲ್ಲಿ ಕಸ್ತೂರೆವ್ವ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದನ್ನು ಆಯಿ ಇಪ್ಪತ್ತು ವರ್ಷ ನೆನಪಿಟ್ಟಿದ್ದಳು.

ಸಾಯುವ ಎಂಟು ದಿನ ಮೊದಲು ಆಯಿ ತನ್ನದೆನ್ನುವುದನ್ನೆಲ್ಲ ಬಿಡುವ ವ್ರತ ಹಿಡಿದಳು. ನೆಂಟರಿಷ್ಟರು ಕೂಡಿದ್ದರು. ಮಂಚದ ಮೇಲಿಂದಲೇ ಒಂದೊಂದು ವಸ್ತುವಿನ ಹೆಸರು ಹೇಳಿ, ಇದು ಇಂಥವರಿಗೆ ಎಂದು ಹೇಳಿ, ನನ್ನದಲ್ಲ ಎಂದು ಕೈ ಮುಗಿಯುತ್ತಿದ್ದಳು. ತಾಮ್ರದ ಹಂಡೆ ಕಸ್ತೂರಿಗೆ, ಎಂದಳು. ಆಮೇಲೆ ಎಲ್ಲರೂ ಕಾಯುತ್ತಿದ್ದದ್ದು ಬಂತು. “ಬೆಣ್ಣಿಬಣ್ಣದ ರೇಷ್ಮಿ ಸೀರಿ ಸುಂದ್ರವ್ವಗ. ಹುಳಾ ಕೊಂದ ಸೀರಿ, ನಾ ಹಿಂದ ಅಹಿಂಸಾ ವ್ರತ ಹಿಡದ ಮ್ಯಾಲೆ ಉಟ್ಟಿಲ್ಲ. ಆಕಿ ಉಟ್ಟ ಹರೀಲಿ. ನನ್ನ ಮೈ ತೊಳದ ಕೈ ಅದು.” ಮನೆಯಲ್ಲಿದ್ದ ಒಂದೇ ಒಂದು ರೇಷ್ಮೆ. ನೆಂಟರ ಕಣ್ಣೆಲ್ಲ ಒಮ್ಮೆಲೇ ಕಸ್ತೂರೆವ್ವನ ಮುಖಕ್ಕೆ ಬಂದವು, ನೊಣ ಬಂದು ಕೂತಂತೆ. ಅವಳು ಓಡಿಸಲಿಲ್ಲ. ಹೊಸ್ತಿಲಾಚೆ ನಿಂತಿದ್ದ ಸುಂದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಯಿಯ ಮೈ ಮುಟ್ಟಬಹುದಾಗಿದ್ದ ಅವಳು ಆಯಿಯ ಟ್ರಂಕು ಮುಟ್ಟುವಂತಿರಲಿಲ್ಲ, ಮನೆಯ ರೀತಿ ಹಾಗಿತ್ತು. ಆ ಸೀರೆಯನ್ನು ಅವಳು ದೂರದಿಂದ ಕಂಡಿದ್ದಳೇ ಹೊರತು ಬೆರಳಿನಿಂದ ಅರಿತವಳಲ್ಲ. ಅದರಿಂದಲೇ ಸುಲಭವಾಯಿತು. ಸೂತಕದ ದಿನಗಳೆಲ್ಲ ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ಕಸ್ತೂರೆವ್ವ ರೇಷ್ಮೆಯ ಬದಲು ನಿಪ್ಪಾಣಿಯ ಪಾಲಿಸ್ಟರ್ ಸೀರೆಯನ್ನು ಮೇಲಿನಿಂದ ಅವಳ ಉಡಿಗೆ ಹಾಕಿದಳು. ಸುಂದ್ರವ್ವ ಅದನ್ನು ಕಣ್ಣಿಗೆ ಒತ್ತಿಕೊಂಡು ಅತ್ತ ಅಳು ಮಾತ್ರ ಇಷ್ಟು ವರ್ಷವಾದರೂ ಕಿವಿಯಿಂದ ಹೋಗಿಲ್ಲ. ತನ್ನ ತಾಯಿ ಸತ್ತಾಗಲೂ ಕಸ್ತೂರೆವ್ವನಿಗೆ ಹಾಗೆ ಅಳಲು ಬಂದಿರಲಿಲ್ಲ.

ಆಸೆಗೆ ಮಾಡಿದೆನೆಂದರೆ ಅದೂ ಅಲ್ಲ. ಉಡುವ ಹಾಗಿರಲಿಲ್ಲ, ಮನೆಮಂದಿಗೆಲ್ಲ ಗೊತ್ತಿದ್ದ ಸೀರೆ. ಮಾರುವ ಹಾಗಿರಲಿಲ್ಲ. ಚಾತುರ್ಮಾಸದ ಪ್ರವಚನದಲ್ಲಿ, ಕೊಡದೆ ಇದ್ದುದನ್ನು ತೆಗೆದುಕೊಂಡರೆ ಕಳವು ಎಂಬ ಮಾತು ಬಂದಾಗೆಲ್ಲ ಅವಳು ಮುಂದೆ ಕೂತವಳ ಕುತ್ತಿಗೆಯ ಬೆವರನ್ನು ನೋಡುತ್ತಿದ್ದಳು. ಕದ್ದದ್ದು ಸೀರೆಯನ್ನಲ್ಲ, ಎಂದು ಒಮ್ಮೆ ಅನಿಸಿತ್ತು. ಮತ್ತೇನನ್ನು ಎಂದು ಕೇಳಿಕೊಳ್ಳುವ ಮೊದಲೇ ಜನ ಜಯಕಾರ ಹಾಕಿ ಎದ್ದಿದ್ದರು.

ಮನೆ ಸೇರಿ ಬಾಗಿಲು ಹಾಕಿ ಟ್ರಂಕು ತೆಗೆದಳು. ನುಸಿ ಬರದಿರಲೆಂದು ಇಟ್ಟ ಹೊಗೆಸೊಪ್ಪು ಪುಡಿಪುಡಿಯಾಗಿತ್ತು. ಅದರಡಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಆಯಿಯ ನಿಜವಾದ ಸೀರೆ. ಬಿಚ್ಚಿ ಎತ್ತಿದಳು. ಮಡಿಕೆ ಇದ್ದಲ್ಲೆಲ್ಲ ರೇಷ್ಮೆ ಸದ್ದಿಲ್ಲದೆ ಬಿಟ್ಟುಕೊಂಡಿತು, ಉಳ್ಳಾಗಡ್ಡಿಯ ಸಿಪ್ಪೆ ಕಳಚಿದಂತೆ. ಕೈಯಲ್ಲಿ ಒಂದು ಪಟ್ಟಿ ಉಳಿದು ಮಿಕ್ಕದ್ದು ಕೆಳಗೆ ಬಿತ್ತು. ಉಟ್ಟಿದ್ದರೆ ಉಳಿಯುತ್ತಿತ್ತು. ಇಟ್ಟದ್ದರಿಂದಲೇ ಹರಿದಿತ್ತು. ಅವಳಿಗೆ ಮೊದಲು ಅನಿಸಿದ್ದು ಸಮಾಧಾನ: ಇನ್ನು ಕೊಡುವ ಹಾಗೇ ಇಲ್ಲವಲ್ಲ, ಯಾರಿಗೆ ಕೊಡುವುದು ಇದನ್ನು! ಮರುಗಳಿಗೆಗೆ ಹೊಳೆಯಿತು, ಕೌದಿಗೆ ಇಡೀ ಸೀರೆ ಯಾರು ಕೇಳುತ್ತಾರೆ, ಕೌದಿಗೆ ಬೇಕಾದದ್ದೇ ತುಂಡು. ದೇವರು ಇಷ್ಟು ಅನುಕೂಲ ಮಾಡಿಕೊಟ್ಟಾನೆಂದು ಅವಳು ಎಣಿಸಿರಲಿಲ್ಲ. ಸಿಟ್ಟು ಬಂತು. ಗೋಡೆಯ ಕಡೆ ತಿರುಗಿ ಕೂತು, “ಅವಸರದಾಗ ಅದಲಬದಲ ಆಗಿತ್ತ ನೋಡ ಸುಂದ್ರವ್ವಾ,” ಎಂದು ಮೆಲ್ಲಗೆ ಹೇಳಿ ನೋಡಿದಳು. ಛಲೋ ಕೇಳಿಸಿತು. ಇನ್ನೊಮ್ಮೆ, ಸ್ವಲ್ಪ ನಕ್ಕಂತೆ ಮಾಡಿ ಹೇಳಿದಳು. ಮೂರನೆಯ ಸಲ ಹೇಳುವಾಗ ರೂಪಾಲಿಯ ಮುಖ ಕಂಡಿತು, ಸೊಸೆಯ ಮೊಬೈಲು ಕಂಡಿತು, ಹತ್ತೊಂಬತ್ತು ವರ್ಷ ಗೊತ್ತಾಗ್ಲಿಲ್ಲೇನ್ರಿ ಎಂದು ಯಾರೋ ಕೇಳಿದರು. ಪಟ್ಟಿಗಳನ್ನು ಪಂಚೆಯಲ್ಲಿ ಸುತ್ತಿ ಮತ್ತೆ ಒಳಗಿಟ್ಟಳು.

ಮರುದಿನ ಸುಂದ್ರವ್ವ ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಪೂನಮ ಕಿಟಕಿಯ ಬೆಳಕಿಗೆ ಇಬ್ಬರನ್ನೂ ಕೂಡಿಸಿದಳು. “ಅತ್ತೀ, ಈ ಕಡೆ ಮಾರಿ ಮಾಡ್ರಿ. ಸುಂದ್ರವ್ವಾರ, ಸೀರಿ ಯಾರ ಕೊಟ್ರು, ಯಾಕ ಕೊಟ್ರು, ಹೇಳ್ಕೋತ ಬರ್ರಿ.”

ಸುಂದ್ರವ್ವ ಹೇಳಿದಳು. ಆಯಿಯ ಹುಣ್ಣು ಹೇಳಿದಳು, ಆಯಿಯ ಚೇಷ್ಟೆ ಹೇಳಿದಳು. “ಆಯಿ ಏನ ಅಂತಿದ್ಲ ಗೊತ್ತೇನ್ರಿ? ಸುಂದ್ರವ್ವಾ, ಮುಂದಿನ ಜನ್ಮದಾಗ ನೀ ಮಲಗು, ನಾ ತೊಳೀತೇನಿ ಅಂತಿದ್ಲು. ಬ್ಯಾಡ್ರಿ ಆಯಿ, ನಿಮ್ಮ ಕೈ ಭಾಳ ಬಿರಸ ಅಂತಿದ್ದೆ. ಇಬ್ರೂ ನಗತಿದ್ವಿ.” ಕಸ್ತೂರೆವ್ವ ಕೇಳುತ್ತಿದ್ದಳು. ಇಷ್ಟಕ್ಕೇನು ನಗುತ್ತಿದ್ದದ್ದು! ತನ್ನ ಹೆಸರು ಎಲ್ಲಿಯೂ ಬರಲಿಲ್ಲ. ತನ್ನನ್ನು ನೋಡಿ ನಕ್ಕಿರಲೂ ಇಲ್ಲ ಅವರು. ಅಷ್ಟು ಲೆಕ್ಕಕ್ಕೂ ತಾನು ಇರಲಿಲ್ಲ.

ಕಸ್ತೂರೆವ್ವ ಮನೆಯಿಂದ ಮರಳಿ ತಂದ ಅದೇ ಸೀರೆಯ ಎಳೆ ಕಿತ್ತಳು. ಕಡ್ಡಿ ಗೀರಿದಳು. ಎಳೆ ಉರಿಯಲಿಲ್ಲ; ಹಿಂದೆ ಸರಿದು, ಕುಗ್ಗಿ, ತುದಿಯಲ್ಲಿ ಕರಿ ಗುಂಡಾಯಿತು. ಮೂಗಿನ ಹತ್ತಿರ ತರುವ ಕೆಲಸವೇ ಇರಲಿಲ್ಲ.

“ಪ್ಲಾಸ್ಟಿಕ್!” ಎಂದಳು ರೂಪಾಲಿ. “ಅಯ್ಯ ಮೌಶಿ, ಕೊಡಾ ಕರಗಿಸಿ ನೇಯ್ದಾರ ಇದನ್ನ. ಹೊತಗೊಂಡ್ರ ಕೂಸಿಗೆ ಮಳಿ ಸೈತ ಹತ್ತಂಗಿಲ್ಲ!”

ಹೆಂಗಸರ ನಗು ಕಸ್ತೂರೆವ್ವನಿಗೆ ದೂರದ ಗಾಣದ ಸದ್ದಿನ ಹಾಗೆ ಕೇಳಿಸಿತು. ಸುಂದ್ರವ್ವ ಗುಂಡನ್ನು ಬೆರಳಿಗೆ ತೆಗೆದುಕೊಂಡಳು. ಉಗುರಿನಿಂದ ಒತ್ತಿದಳು, ಒಡೆಯಲಿಲ್ಲ. ತಲೆಯೆತ್ತಿ ಕಸ್ತೂರೆವ್ವನ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಅವಳ ಮುಖ ಮೆತ್ತಗಾಯಿತು. “ಆಯಿ ಹಂತ್ಯಾಕ ಇಂಥಾವ ಎಲ್ಡ ಇದ್ದೂವೇನ್ರಿ ವೈನ್ಯಾರ? ಅವಸರದಾಗ ಅದಲಬದಲ ಆಗಿರಬೇಕು. ಸಾವಿನ ಮನಿ, ಯಾರಿಗೆ ಧ್ಯಾಸ ಇರತೈತಿ? ಹೋಗ್ಲಿ ಬಿಡ್ರಿ.”

ನಿನ್ನೆ ಗೋಡೆಯ ಮುಂದೆ ಮೂರು ಸಲ ಹೇಳಿ ನೋಡಿದ ಮಾತು. ಹ್ಞೂ ಎಂದರೆ ಮುಗಿಯುತ್ತಿತ್ತು. ನಾಲಗೆ ಹ್ಞೂ ಎನ್ನಲು ಎದ್ದೂ ಇತ್ತು. ಆದರೆ ಆ ಮಾತು ಬಂದದ್ದು ಸುಂದ್ರವ್ವನ ಕೈಯಿಂದ, ಹಿತ್ತಲ ಬಾಗಿಲಲ್ಲಿ ಮೇಲಿನಿಂದ ಉಡಿಗೆ ಹಾಕಿದಂತೆ. ಇವಳಿಗೆ ಗೊತ್ತಿದೆಯೇ, ಗೊತ್ತಿದ್ದು ದಾನ ಮಾಡುತ್ತಿದ್ದಾಳೆಯೇ? ಹೆಂಗಸರೆಲ್ಲ ನೋಡುತ್ತಿದ್ದರು. ಮೊಬೈಲು ನೋಡುತ್ತಿತ್ತು. ನೆಂಟರ ಹಳೆಯ ಕಣ್ಣುಗಳೂ ಬಂದು ಮುಖದ ಮೇಲೆ ಕೂತವು.

“ಎಲ್ಡ ಎಲ್ಲಿದ್ದೂವು?” ಎಂದಿತು ಅವಳ ಬಾಯಿ. “ಇದೊಂದ. ಆಯೀನ ತರಸಿದ್ಲು, ನಿಪ್ಪಾಣಿಯಿಂದ. ನಾಕ ಮಂದಿ ಮುಂದ ರೇಷ್ಮಿ ಅಂದ್ಲು, ಆಮ್ಯಾಲೆ ನನ್ನ ಒಳಗ ಕರದು, ಅಂಥಾಕಿಗೆ ರೇಷ್ಮಿ ಯಾಕ, ಆಕಿಗೇನ ಗೊತ್ತಾಗತೈತಿ, ಇಂಥಾದ್ದೊಂದ ತಂದ ಕೊಡು ಅಂದ್ಲು.”

“ಆಯಿ ಅಂದ್ರ?”

“ಅಂದ್ಲು.”

ಸುಂದ್ರವ್ವನ ಬೆರಳಿನ ನಡುವೆ ಗುಂಡು ಉರುಳುತ್ತಿತ್ತು. “ಸಿಟ್ಟಲೆ ಅಂದ್ರೇನ್ರಿ?” ಎಂದು ಕೇಳಿದಳು. ಆಸೆ ಇಟ್ಟುಕೊಂಡು ಕೇಳಿದ ಪ್ರಶ್ನೆ ಅದು. ರೋಗಿಯ ಸಿಟ್ಟು, ನೋವಿನ ಸಿಟ್ಟು, ಅದನ್ನು ಅವಳು ಮೂರು ವರ್ಷ ಕಂಡವಳು, ಅದನ್ನಾದರೆ ಕ್ಷಮಿಸಬಲ್ಲಳು. ಕಸ್ತೂರೆವ್ವನಿಗೆ ಅದು ತಿಳಿಯಿತು.

“ಇಲ್ಲ,” ಎಂದಳು. “ನಕ್ಕೋತ ಅಂದ್ಲು.”

ಪೂನಮ ಮೊಬೈಲು ಕೆಳಗಿಳಿಸಿದಳು. “ಇದನ್ನ ಹಾಕಾಕ ಬರೂದಿಲ್ಲ ಬಿಡ್ರಿ,” ಎಂದಳು.

ಅಂದು ಸುಂದ್ರವ್ವ ಅಳಲಿಲ್ಲ, ರಜೆ ಹಾಕಲಿಲ್ಲ, ಕಸ್ತೂರೆವ್ವನೊಡನೆ ಮಾತು ಬಿಡಲೂ ಇಲ್ಲ. ಬಿಟ್ಟಿದ್ದರೆ ಎಷ್ಟೋ ಮೇಲಾಗುತ್ತಿತ್ತು. ಸೀರೆಯನ್ನು ಹಲ್ಲಿನಿಂದ ಕಚ್ಚಿ ಎರಡಾಗಿ ಹರಿದಳು. ಒಂದು ತುಂಡನ್ನು ನಾಲ್ಕು ಮಡಿಕೆ ಮಾಡಿ ತಾಮ್ರದ ಹಂಡೆಯ ಬಾಯಿಗೆ ಕಟ್ಟಿದಳು. “ಹೂವಿನ ನೀರ ಸೋಸಾಕ ಛಲೋ ಐತ್ರಿ,” ಎಂದಳು. “ಎಷ್ಟ ಸೋಸಿದ್ರೂ ತನಗ ಹಚ್ಚಗೊಳ್ಳೂದಿಲ್ಲ.” ಆಯಿಯ ಹಂಡೆ, ಅದರ ಬಾಯಿಗೆ ಆ ಸೀರೆ. ದಿನವೂ ಕಸ್ತೂರೆವ್ವ ಕುದಿದ ಚೆಂಡುಹೂವನ್ನು ಅದರ ಮೇಲೆ ಸುರಿಯಬೇಕಿತ್ತು. ಹಳದಿ ನೀರು ಕೆಳಗಿಳಿಯುತ್ತಿತ್ತು, ಚರಟ ಮೇಲೆ ಉಳಿಯುತ್ತಿತ್ತು. ಜಾಡಿಸಿ ತೊಳೆದರೆ ಅರಿವೆ ಮತ್ತೆ ಬೆಣ್ಣೆಬಣ್ಣ, ಹಸಿರು ಅಂಚು, ಏನೂ ಆಗಿಯೇ ಇಲ್ಲ ಎಂಬಂತೆ. ಒಂದು ದಿನ ಹಟಕ್ಕೆ ಬಿದ್ದು ಅದರ ಮೇಲೆ ತುಕ್ಕು ಹಿಡಿದ ಕಬ್ಬಿಣ, ಬೆಲ್ಲ ಕೊಳೆಸಿದ ಕರಿನೀರನ್ನೇ ಸುರಿದು ಮಧ್ಯಾಹ್ನದ ತನಕ ಬಿಟ್ಟಳು. ಅದೂ ಹೋಯಿತು.

ಸುಂದ್ರವ್ವನಿಗೆ ಇನ್ನೊಂದು ಹವ್ಯಾಸ ಅಂಟಿಕೊಂಡಿತು. ಕಡ್ಡಿಪೆಟ್ಟಿಗೆ ಕುಬಸದಲ್ಲೇ ಇರುತ್ತಿತ್ತು.  ಊಟದ ಹೊತ್ತಿಗೆ ಗೋಡೆಗೆ ಒರಗಿ, ಮನೆಯಿಂದ ತಂದ ಒಂದೊಂದು ಅರಿವೆಯ ಎಳೆ ಕಿತ್ತು ಸುಡುತ್ತಿದ್ದಳು: ಒಡಹುಟ್ಟಿದ ತಮ್ಮ ಆಯಾರವೆಂದು ಉಡುಗೊರೆ ಕೊಟ್ಟ ಕುಬಸದ ಖಣ, ಗಂಡ ದಶರಥ ಬದುಕಿದ್ದಾಗ ಪಂಢರಪುರದಿಂದ ತಂದ ಸೀರೆ, ಯಾರದೋ ಮದುವೆಯಲ್ಲಿ ಕೊಟ್ಟ ಟಾವೆಲು. ಗುಂಡಾದರೆ ಒಂದು ಕಡೆ, ಬೂದಿಯಾದರೆ ಒಂದು ಕಡೆ. “ಮೌಶಿಗೆ ಹುಚ್ಚ ಹಿಡದೈತಿ,” ಎಂದಳು ರೂಪಾಲಿ. “ನಾಳೆ ಅಳಿಯನ ಮೀಶಿ ಸುಟ್ಟ ನೋಡತಾಳ.” ಮೊದಲು ನಕ್ಕ ಹೆಂಗಸರು ಆಮೇಲೆ ನಗಲಿಲ್ಲ. ಐತವಾರ ಬಂತು, ಹೋಯಿತು. ಬಾರಸಾ ಹೇಗಾಯಿತೆಂದು ಎಲ್ಲರೂ ಕೇಳಿದರು. ಛಲೋ ಆತು ಎಂದಳು ಸುಂದ್ರವ್ವ. ಹೆಸರನ್ನು ಯಾರೂ ಕೇಳಲಿಲ್ಲ, ಗೊತ್ತಿದ್ದದ್ದೇ ಅಲ್ಲವೇ. ಕಸ್ತೂರೆವ್ವನಿಗೆ ಮಾತ್ರ ಕೇಳಬೇಕೆನಿಸಿತು. ಒಲೆಗೆ ಕಟ್ಟಿಗೆ ತುರುಕಿದಳು.

ಬುಧವಾರ ಕೂಸಿನ ಕೌದಿ ಮುಗಿಯಲು ಬಂತು. ಹತ್ತಿಯ ತುಂಡುಗಳೇ ಎಲ್ಲ, ದಾಳಿಂಬೆಯ ಹಳದಿ, ಮಂಜಿಷ್ಠದ ಕೆಂಪು, ಕರಿನೀರಿನ ಕಪ್ಪು. ಇರುವೆಯ ಸಾಲಿನಂಥ ಹೊಲಿಗೆ. ಒಂದು ಮೂಲೆ ಅಂಗೈಯಗಲ ತೆರೆದಿತ್ತು. ಕೌದಿಗೂ ಹೊಟ್ಟೆ ಇರುತ್ತದೆ, ಖಾಲಿ ಹೊಟ್ಟೆಯಲ್ಲಿ ಹೊಲಿದು ಮುಚ್ಚಿದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ. ಹಿರಿಯ ಹೆಂಗಸು ಐದು ಕಾಳು ಜೋಳ ಒಳಗಿಟ್ಟು ಹೊಟ್ಟೆ ತುಂಬಿಸಬೇಕು, ಆಮೇಲೆ ಕೊನೆಯ ಹೊಲಿಗೆ. ಇಲ್ಲಿ ಹಿರಿಯಳು ಕಸ್ತೂರೆವ್ವನೇ. “ಕಸ್ತೂರೆವ್ವಾರ ಹಾಕಲಿ,” ಎಂದಳು ರೂಪಾಲಿ. “ಹಾಕಲಿ,” ಎಂದಳು ಸುಂದ್ರವ್ವ.

ಹೀಗಾಗುವುದೆಂದು ಕಸ್ತೂರೆವ್ವನಿಗೆ ಗೊತ್ತಿತ್ತು. ಮುಂಜಾನೆಯೇ ಟ್ರಂಕಿನಿಂದ ಒಂದು ಪಟ್ಟಿ, ನಾಲ್ಕು ಬೆರಳಿನಷ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ಹೇಳುವುದು ಬೇಡ, ಕೊಟ್ಟಂತಾದರೆ ಸಾಕು. ಕೂಸು ಅದರ ಮೇಲೆ ಮಲಗುತ್ತದೆ, ಲಕ್ಷ್ಮಿಯ ಸೀರೆ ಲಕ್ಷ್ಮಿಗೇ ಸೇರುತ್ತದೆ, ಯಾರಿಗೂ ತಿಳಿಯದೆ. ಇಷ್ಟು ಸಲೀಸಾದ ಪ್ರಾಯಶ್ಚಿತ್ತ ಮೊದಲೇ ಹೊಳೆಯಲಿಲ್ಲವಲ್ಲ ಎಂದು ದಾರಿಯಲ್ಲಿ ಅವಳಿಗೆ ಕಣ್ಣು ತುಂಬಿತ್ತು ಕೂಡ. ಕಾಳುಗಳನ್ನು ಪಟ್ಟಿಯಲ್ಲಿ ಸುತ್ತಿ, ಮುಷ್ಟಿ ಮಾಡಿ, ಕೌದಿಯ ಬಾಯೊಳಗೆ ಕೈ ಹಾಕಿದಳು. ಒಳಗೆ ಬೆಚ್ಚಗಿತ್ತು.

“ಏನದು ಅರಬಿ?” ಎಂದಳು ಸುಂದ್ರವ್ವ.

“ಚಿಂದಿ. ಕಾಳ ಚಲ್ಲಬಾರದಂತ.”

“ತೋರಸ್ರಿ.” ಅವಳು ಕೈ ಚಾಚಿ ಹೊರಗೆ ಇಣುಕಿದ ತುದಿ ಹಿಡಿದು ಪಟ್ಟಿಯನ್ನು ಎಳೆದುಕೊಂಡಳು. ಸಂಶಯವೇನಿರಲಿಲ್ಲ ಆ ಕೈಗೆ, ಈಗೀಗಿನ ಚಾಳಿ ಅಷ್ಟೆ. ಎಳೆ ಕಿತ್ತಳು, ಕುಬಸದಿಂದ ಕಡ್ಡಿಪೆಟ್ಟಿಗೆ ತೆಗೆದಳು, ಗೀರಿದಳು. ಕಸ್ತೂರೆವ್ವನ ಕೈ ಇನ್ನೂ ಕೌದಿಯೊಳಗೇ ಇತ್ತು.

“ಥೂ, ಯಾರದ ಕೂದಲ ಸುಟ್ಟಂಗಾತಲ್ಲ,” ಎಂದು ರೂಪಾಲಿ ಮೂಗು ಮುಚ್ಚಿಕೊಂಡಳು. ಆಮೇಲೆ ಆ ಕೈ ಮೆಲ್ಲಗೆ ಕೆಳಗಿಳಿಯಿತು. ಅಲ್ಲಿಯ ಹೆಂಗಸರಿಗೆಲ್ಲ ಆ ವಾಸನೆ ಯಾವುದರದೆಂದು ಕಸ್ತೂರೆವ್ವನೇ ಕಲಿಸಿದ್ದಳು.

ಸುಂದ್ರವ್ವ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಬೆಣ್ಣೆಬಣ್ಣ, ತುದಿಯಲ್ಲಿ ಬೆರಳಿನಷ್ಟು ಹಸಿರು. ಹಂಡೆಯ ಬಾಯಿಗೆ ಕಟ್ಟಿದ್ದನ್ನು ನೋಡಿದಳು. ಮತ್ತೆ ಇದನ್ನು ನೋಡಿದಳು. ಅವಳು ಕೂಗುತ್ತಾಳೆ, ಕೂಗಲಿ, ಹೊಡೆದರೂ ಹೊಡೆಯಲಿ ಎಂದು ಕಸ್ತೂರೆವ್ವ ಕಾದಳು. ಬೈದರೆ ಬೈಗುಳದ ಅಡಿ ತಾನು ಎಲ್ಲಿಯಾದರೂ ಕೂತುಕೊಳ್ಳಬಹುದಿತ್ತು.

“ಐತವಾರ ಆಗಿಹೋತಲ್ರಿ ವೈನ್ಯಾರ,” ಎಂದಳು ಸುಂದ್ರವ್ವ, ಬಹಳ ಮೆಲ್ಲಗೆ. “ಕೂಸಿಗೆ ಬ್ಯಾರೆ ಹೆಸರ ಇಟ್ಟಬಿಟ್ಟೇವಿ.”

ಪಟ್ಟಿಯನ್ನು ಮಡಿಕೆಯ ಮೇಲೆ ಮಡಿಕೆ ಮಾಡಿ, ಕಸ್ತೂರೆವ್ವನ ಕೈಯನ್ನು ಕೌದಿಯಿಂದ ಹೊರಗೆ ತೆಗೆದು, ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು, ಮೈ ತೊಳೆಸಿಕೊಳ್ಳಲು ಹಟ ಮಾಡುವ ರೋಗಿಯ ಕೈ ಮಡಚುವ ಹಾಗೆ. “ಇದು ನಿಮ್ದು,” ಎಂದಳು. ಚೆಲ್ಲಿದ ಕಾಳುಗಳನ್ನು ಆರಿಸಿದಳು. ನಾಲ್ಕು ಸಿಕ್ಕವು, ಐದನೆಯದು ಸಿಗಲಿಲ್ಲ. ನಾಲ್ಕನ್ನೇ ಒಳಗೆ ಹಾಕಿ ಸೂಜಿ ಚುಚ್ಚಿದಳು.

ಹೊರಗೆ ಗಾಡಿ ನಿಲ್ಲಿಸಿ ಪೂನಮ ಬಂದಾಗ ಸುಂದ್ರವ್ವ ಕೊನೆಯ ದಾರ ಕಚ್ಚುತ್ತಿದ್ದಳು. “ಅಯ್ಯ, ಮುಗಿಸೇಬಿಟ್ರ್ಯಾ? ನನಗ ಒಂದ ಫೋನ್ ಮಾಡಬೇಕಿಲ್ಲೇನ?” ಎಂದು ಮೊಬೈಲು ತೆಗೆದಳು. “ಇರ್ಲಿ. ಅತ್ತೀ, ಇನ್ನೊಮ್ಮೆ ಕಾಳ ಹಾಕಿದಂಗ ಮಾಡ್ರಿ. ಬಾಯಿ ಮುಚ್ಚಿದ್ದ ಕಾಣಂಗಿಲ್ಲ, ನಾ ಈ ಬಾಜೂಲೆ ತಗೀತೇನಿ. ಏನ ವಾಸನಿ ಇದು?”

ಸುಂದ್ರವ್ವ ಕೌದಿಯನ್ನು ಕಸ್ತೂರೆವ್ವನ ಮುಂದೆ ಸರಿಸಿದಳು. ಕಸ್ತೂರೆವ್ವ ಮುಚ್ಚಿದ ಮುಷ್ಟಿಯನ್ನು ಹೊಲಿದ ಮೂಲೆಯ ಮೇಲೆ ಇಟ್ಟಳು.

“ಹಂಗಲ್ರಿ ಅತ್ತೀ,” ಎಂದಳು ಪೂನಮ. “ನಕ್ಕೋತ.”

ಕಸ್ತೂರೆವ್ವ ನಕ್ಕಳು.